ಮೇ ತಿಂಗಳಲ್ಲಿ ಎರಡು ನಾಯಿ ಹತ್ತಿಸಿಕೊಂಡು ದಾವಣಗೆರೆಯಿಂದ ಪುಣೆಗೆ ಕಾರಿನಲ್ಲಿ ಹೋಗಬಹುದಾ? ನಿದ್ದೆ ಮಾತ್ರೆ ಕೊಡಬೇಕಾ?

ಹೋಗಬಹುದು. ನಿದ್ದೆ ಮಾತ್ರೆ ಮಾತ್ರ ಬೇಡ.

ನಿಮ್ಮ ಯಜಮಾನರಿಗೆ ಪುಣೆಗೆ ವರ್ಗವಾಗಿದೆ, ಒಂದು ಪಗ್ ಇದೆ, ಇನ್ನೊಂದು ಬೀದಿಯಿಂದ ತಂದು ಸಾಕಿದ್ದು, ಕಾರು ಹ್ಯಾಚ್‌ಬ್ಯಾಕ್ ಅಂತ ಬರೆದಿದ್ದೀರಿ. ಯಾರೋ "ರಾತ್ರಿನೇ ಮಾತ್ರೆ ಹಾಕಿ ಮಲಗಿಸಿಬಿಡಿ, ಪುಣೆ ಬರೋ ತನಕ ಏಳಲ್ಲ" ಅಂದರಂತೆ. ಹಾಗಂದವರ ಮನೆಯಲ್ಲಿ ನಾಯಿ ಇರಲಿಕ್ಕಿಲ್ಲ ಬಿಡಿ.

ನಾನಿರುವುದೂ ದಾವಣಗೆರೆಯಲ್ಲೇ. ಅಕ್ಕನ ಮನೆ ಕೊಲ್ಹಾಪುರದಲ್ಲಿರುವುದರಿಂದ ಆ ದಾರಿ ನನಗೂ ಗೊತ್ತು, ನಮ್ಮನೆ ಮುಧೋಳ ನಾಯಿ ರಾಣಿಗೂ ಗೊತ್ತು. ನಾನು ಕಂಡುಕೊಂಡ ಮಟ್ಟಿಗೆ, ಸರಿಯಾಗಿ ಕೂರಿಸಿ ಕಟ್ಟಿದ್ದರೆ ಕಾರು ಓಡುತ್ತಿರುವಾಗ ನಾಯಿಗೆ ಆಗುವ ತೊಂದರೆ ಸಾಮಾನ್ಯವಾಗಿ ಜೊಲ್ಲು, ವಾಂತಿ, ಕುಂಯ್‌ಕುಂಯ್ ಅನ್ನೋದು. ಜೀವಕ್ಕೆ ಕುತ್ತು ಬರುವುದು ಹೆಚ್ಚಾಗಿ ಕಾರು ನಿಂತ ಮೇಲೆ. ಎಲ್ಲರೂ ಓಡುವ ಹೊತ್ತಿನದೇ ಚಿಂತೆ ಮಾಡಿ, ನಿಲ್ಲಿಸುವ ಹೊತ್ತಿಗೆ ಮೈಮರೆಯುತ್ತಾರೆ.

ಮೊದಲು ಮಾತ್ರೆಯ ವಿಷಯ ಮುಗಿಸುತ್ತೇನೆ. ಮಂಪರು ಬರಿಸುವ ಔಷಧಿ ರಕ್ತದೊತ್ತಡ ಇಳಿಸುತ್ತದೆ, ಮೈ ಬಿಸಿಯನ್ನು ಹದದಲ್ಲಿಟ್ಟುಕೊಳ್ಳುವ ಶಕ್ತಿಯನ್ನೂ ಕೆಡಿಸುತ್ತದೆ. ಬ್ರೇಕ್ ಹಾಕಿದಾಗ ಕಾಲೂರಿ ನಿಲ್ಲುವ ಎಚ್ಚರವೂ ನಾಯಿಗೆ ಇರುವುದಿಲ್ಲ. ಪಗ್‌ನಂಥ ಚಪ್ಪಟೆ ಮೂತಿಯ ನಾಯಿ ಎಚ್ಚರವಿದ್ದಾಗಲೇ ಗೊರಗೊರ ಉಸಿರಾಡುತ್ತದೆ. ಅದರ ಗಂಟಲಿನ ಸ್ನಾಯು ಸಡಿಲವಾದರೆ ಉಸಿರಿಗೇ ತೊಂದರೆ. ಹೆದರಿಕೆ ಬಹಳ ಇದ್ದರೆ ಅದಕ್ಕೆ ಬೇರೆ ಔಷಧಿಗಳಿವೆ, ಪಶುವೈದ್ಯರು ನೋಡಿ ಬರೆದುಕೊಡುತ್ತಾರೆ. ಅದನ್ನೂ ಮೊದಲು ಒಂದು ದಿನ ಮನೆಯಲ್ಲೇ ಕೊಟ್ಟು ನಾಯಿ ಹೇಗಿರುತ್ತದೆ ನೋಡಿಕೊಳ್ಳಬೇಕು. ವಾಂತಿಗೆ ಮರೋಪಿಟೆಂಟ್ ಅನ್ನುವ ಮಾತ್ರೆ ಇದೆ, ಹೊರಡುವ ಎರಡು ಗಂಟೆ ಮೊದಲೇ ಕೊಡಬೇಕು, ಡೋಸು ತೂಕದ ಮೇಲೆ. ಮನೆಯ ಡಬ್ಬಿಯಲ್ಲಿರುವ ನಮ್ಮ ಮಾತ್ರೆಗಳನ್ನು, ಅದರಲ್ಲೂ ಐಬುಪ್ರೊಫೆನ್ ತರದ ನೋವಿನ ಮಾತ್ರೆಗಳನ್ನು, ಮುಟ್ಟಲೇಬೇಡಿ.

ಹೊರಡಲು ಎಷ್ಟು ದಿನ ಇದೆಯೋ ಅಷ್ಟೂ ದಿನ ಅಭ್ಯಾಸ ಮಾಡಿಸಿ. ಕಾರು ಹತ್ತಿದರೆ ಡಾಕ್ಟ್ರ ಹತ್ತಿರ ಸೂಜಿ ಚುಚ್ಚಿಸಿಕೊಳ್ಳೋದೇ ಅಂತ ಬಹಳ ನಾಯಿಗಳ ತಲೆಯಲ್ಲಿ ಕೂತಿರುತ್ತೆ. ಮೊದಲು ನಿಂತ ಕಾರಿನಲ್ಲಿ ಕೂರಿಸಿ ತಿಂಡಿ ಕೊಡಿ. ಆಮೇಲೆ ಕುಂದವಾಡ ಕೆರೆ ತನಕ, ಆಮೇಲೆ ಕೊಂಡಜ್ಜಿ, ಆಮೇಲೆ ಹರಿಹರ ದಾಟಿ ವಾಪಸ್. ತಲುಪಿದ ಕಡೆ ಓಡಾಟ, ವಾಸನೆ, ಖುಷಿ ಇರಬೇಕು. ತುಟಿ ನೆಕ್ಕಿಕೊಳ್ಳುವುದು, ಪದೇಪದೇ ಆಕಳಿಸುವುದು, ಜೊಲ್ಲು ಸೋರುವುದು ವಾಂತಿಗೆ ಮುಂಚಿನ ಸೂಚನೆ. ಹರಿಹರದೊಳಗೇ ಇದು ಶುರುವಾದರೆ ನಿಪ್ಪಾಣಿ ಹತ್ತಿರದ ತವಂದಿ ಘಾಟಿನಲ್ಲಿ ಏನಾಗುತ್ತದೆಂದು ಈಗಲೇ ಗೊತ್ತಾದಂತೆ. ಆಗ ಡಾಕ್ಟ್ರ ಹತ್ತಿರ ಮಾತ್ರೆ ಬರೆಸಿಕೊಳ್ಳಿ.

ಕೂರಿಸುವುದು ಹಿಂದಿನ ಸೀಟಿನಲ್ಲೇ. ಮುಂದೆ ತೊಡೆ ಮೇಲೆ ಪಗ್ ಇಟ್ಟುಕೊಂಡು ಹೋಗುವವರನ್ನು ನೋಡಿದ್ದೇನೆ. ಏರ್‌ಬ್ಯಾಗ್ ಬಿಚ್ಚಿಕೊಂಡರೆ ಆ ಪುಟ್ಟ ಜೀವ ಉಳಿಯುವುದಿಲ್ಲ. ಪೆಟ್ ಶಾಪಿನವರು ಹಾರ್ನೆಸ್ ಅನ್ನುವ ಬಾಡಿ ಬೆಲ್ಟು ಹಾಕಿ, ಸೀಟ್ ಬೆಲ್ಟಿನ ಕೊಂಡಿಗೆ ಸಿಕ್ಕಿಸುವ ಚಿಕ್ಕ ಪಟ್ಟಿಯಿಂದ ಕಟ್ಟಿ. ಕುತ್ತಿಗೆಯ ಪಟ್ಟಿಗೆ ಮಾತ್ರ ಯಾವ ಕಾರಣಕ್ಕೂ ಕಟ್ಟಬೇಡಿ, ಜೋರಾಗಿ ಬ್ರೇಕ್ ಹಾಕಿದರೆ ನೇಣಾಗುತ್ತದೆ. ಸೀಟಿನ ಮೇಲೆ ಜಾರದ ಯೋಗ ಮ್ಯಾಟು, ಅದರ ಮೇಲೆ ಅವು ದಿನಾ ಮಲಗುವ ಹಳೇ ಕೌದಿ. ಅದನ್ನು ಒಗೆಯಲು ಹೋಗಬೇಡಿ, ಮನೆಯ ವಾಸನೆ ಇರಲಿ. ಕಿಟಕಿಯ ಸ್ವಿಚ್ಚು ಲಾಕ್ ಮಾಡಿ. ನಾಯಿ ಕಾಲಿಟ್ಟರೆ ಗಾಜು ಸರ್ರನೆ ಇಳಿಯುತ್ತೆ.

ಸಾಮಾನೆಲ್ಲ ಲಾರಿಗೆ ಹಾಕಿಬಿಡಿ. ಹ್ಯಾಚ್‌ಬ್ಯಾಕಿನಲ್ಲಿ ಮುಂದಿನ ಎರಡು ಸೀಟುಗಳ ನಡುವೆ ಬ್ಯಾಗು, ಚೀಲ ತುಂಬಿದರೆ ಎಸಿ ಗಾಳಿ ಹಿಂದಕ್ಕೆ ಬರುವುದೇ ಇಲ್ಲ. ನಿಮಗೆ ಮುಂದೆ ಚಳಿಯಾಗುತ್ತಿರುತ್ತದೆ, ಹಿಂದೆ ಪಗ್ ಬೇಯುತ್ತಿರುತ್ತದೆ. ಹೊರಡುವ ಮೊದಲು ನೀವೇ ಹಿಂದಿನ ಸೀಟಿನಲ್ಲಿ ಮಧ್ಯಾಹ್ನ ಅರ್ಧ ಗಂಟೆ ಕೂತು ನೋಡಿ. ಬಿಸಿಲು ಯಾವ ಕಡೆಯಿಂದ ಬೀಳುತ್ತೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ದಾವಣಗೆರೆಯಿಂದ ಕೊಲ್ಹಾಪುರದವರೆಗೆ ರಸ್ತೆ ವಾಯವ್ಯಕ್ಕೆ ಹೋಗುತ್ತದೆ, ಬೆಳಗಿನ ಬಿಸಿಲು ಡ್ರೈವರ್ ಕಡೆಯಿಂದಲೂ ಹಿಂದಿನಿಂದಲೂ ಬೀಳುತ್ತದೆ. ಪಗ್ಗನ್ನು ಎಡಕ್ಕೆ ಕೂರಿಸಿ. ಕೊಲ್ಹಾಪುರ ದಾಟಿದ ಮೇಲೆ ರಸ್ತೆ ಉತ್ತರಕ್ಕೆ ತಿರುಗುತ್ತದೆ, ಮಧ್ಯಾಹ್ನದ ಮೇಲಾದರೆ ಬಿಸಿಲು ಎಡಕ್ಕೆ. ಆಗ ಜಾಗ ಬದಲಿಸಿ, ಕಿಟಕಿಗೆ ಪರದೆ ಹಾಕಿ.

ಒಟ್ಟು ಸುಮಾರು 580 ಕಿ.ಮೀ. ಬೆಳಗಿನ ಜಾವ 4ಕ್ಕೆ ಬಿಟ್ಟರೆ ಬಿಸಿಲೇರುವ ಮೊದಲೇ ಹುಬ್ಬಳ್ಳಿ, ಧಾರವಾಡ ದಾಟಿರುತ್ತೀರಿ, ಹನ್ನೊಂದರ ಸುಮಾರಿಗೆ ಕೊಲ್ಹಾಪುರ. ಪಗ್ ಇಲ್ಲದಿದ್ದರೆ ಹಾಗೇ ಮುಂದುವರಿಯಿರಿ ಅನ್ನುತ್ತಿದ್ದೆ. ನಿಮ್ಮದು ಮೇ ತಿಂಗಳು, ಆದ್ದರಿಂದ ಕೊಲ್ಹಾಪುರದಲ್ಲಿ ಒಂದು ರಾತ್ರಿ ಉಳಿದುಬಿಡಿ. ಮರುದಿನ ಮತ್ತೆ ನಾಲ್ಕಕ್ಕೆ ಬಿಟ್ಟರೆ ಒಂಬತ್ತು, ಹತ್ತರೊಳಗೆ ಪುಣೆ. ಲಾಡ್ಜಿಗೆ ಮೊದಲೇ ಫೋನ್ ಮಾಡಿ, ನಾಯಿ ಅಂದರೆ ಎಷ್ಟು, ಎಷ್ಟು ದೊಡ್ಡವು ಅಂತ ಬಿಡಿಸಿ ಹೇಳಿ. ರಾತ್ರಿ ಡ್ರೈವಿಂಗ್ ತಂಪು ಅಂತ ಕೆಲವರು ಹೇಳುತ್ತಾರೆ. ಈ ಹೆದ್ದಾರಿಯ ಲಾರಿಗಳ ನಡುವೆ ನಿದ್ದೆಗೆಟ್ಟು ಓಡಿಸುವುದು ನನಗಂತೂ ಬೇಡ.

ಈಗ ನಿಲ್ಲಿಸುವ ವಿಷಯ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ಏದುಸಿರು ಬಿಟ್ಟು ಬಾಯಿ, ಗಂಟಲಿನ ತೇವ ಆರಿಸಿಕೊಂಡೇ ಮೈ ತಂಪು ಮಾಡಿಕೊಳ್ಳಬೇಕು. ಮುಚ್ಚಿದ ಕಾರಿನಲ್ಲಿ ಅದು ನಡೆಯುವುದಿಲ್ಲ. ಹೊರಗೆ 35 ಡಿಗ್ರಿ ಇದ್ದರೆ ಹತ್ತೇ ನಿಮಿಷಕ್ಕೆ ಒಳಗೆ 45ರ ಆಸುಪಾಸು, ಅರ್ಧ ಗಂಟೆಗೆ 50 ದಾಟಿರುತ್ತದೆ. ಗಾಜು ಎರಡು ಬೆರಳು ಇಳಿಸಿಟ್ಟರೆ ಏನೇನೂ ಪ್ರಯೋಜನವಿಲ್ಲ. "ಒಂದು ಟೀ ಕುಡಿದು ಬಂದುಬಿಡೋಣ" ಅನ್ನುವುದೇ ಅಪಾಯ. ಟೀ ಐದು ನಿಮಿಷ, ಬಿಲ್ಲಿಗೆ ಐದು ನಿಮಿಷ, ಬಾತ್‌ರೂಮಿಗೆ ಕ್ಯೂ. ಒಬ್ಬರು ಹೋಗಿ ಬನ್ನಿ, ಇನ್ನೊಬ್ಬರು ಎಸಿ ಹಾಕಿಕೊಂಡು ಕಾರಿನಲ್ಲೇ ಇರಿ. ಒಬ್ಬರೇ ಓಡಿಸಿಕೊಂಡು ಹೋಗುವುದಾದರೆ ಈ ಪ್ರಯಾಣವನ್ನೇ ಮಾಡಬೇಡಿ.

ನಾಯಿಯ ಮೈಬಿಸಿ ಸಾಮಾನ್ಯವಾಗಿ 38ರಿಂದ 39 ಡಿಗ್ರಿ ಚಿಲ್ಲರೆ. 41 ದಾಟಿದರೆ ಪ್ರಾಣಾಪಾಯ. ಏದುಸಿರು ನಿಲ್ಲುತ್ತಲೇ ಇಲ್ಲ, ನಾಲಿಗೆ ಕಡುಗೆಂಪಾಗಿದೆ, ಜೊಲ್ಲು ಅಂಟಂಟಾಗಿದೆ, ನಡೆದರೆ ತೂರಾಡುತ್ತಿದೆ ಅಂದರೆ ಯೋಚಿಸುತ್ತ ಕೂರಬೇಡಿ. ನೆರಳಿಗೆ ತಂದು ಮೈಯೆಲ್ಲ ನೆನೆಯುವ ಹಾಗೆ ನೀರು ಸುರಿದು, ಎಸಿಯನ್ನು ಅದರ ಮುಖಕ್ಕೆ ತಿರುಗಿಸಿ, ಹತ್ತಿರದ ಪಶು ಆಸ್ಪತ್ರೆಗೆ ಓಡಿಸಿ. ಒದ್ದೆ ಟವೆಲ್ ಸುತ್ತಿ ಬಿಡಬೇಡಿ, ಅದು ಬಿಸಿಯನ್ನು ಒಳಗೇ ಹಿಡಿದಿಡುತ್ತದೆ. ಹಾಗಾಗಿ ಕಾರಿನಲ್ಲಿ ಕುಡಿಯುವ ನೀರಿನ ಜೊತೆ ಸುರಿಯಲಿಕ್ಕೇ ಅಂತ ಒಂದು ದೊಡ್ಡ ಕ್ಯಾನ್ ನೀರು ಇರಲಿ. ದಾರಿಯ ತಾಲ್ಲೂಕು ಊರುಗಳಲ್ಲಿ ಸರ್ಕಾರಿ ಪಶು ಆಸ್ಪತ್ರೆ ಇರುತ್ತದೆ. ರಾಣೆಬೆನ್ನೂರು, ಹಾವೇರಿ, ಬೆಳಗಾವಿ, ನಿಪ್ಪಾಣಿ ಆಸ್ಪತ್ರೆಗಳನ್ನು ಮೊದಲೇ ಮ್ಯಾಪಿನಲ್ಲಿ ಗುರುತು ಹಾಕಿಟ್ಟುಕೊಳ್ಳಿ.

ನಿಂತಾಗಿನ ಇನ್ನೊಂದು ಅಪಾಯ ಬಾಗಿಲು. ನಿಮ್ಮ ಬೀದಿ ನಾಯಿಯ ಬಗ್ಗೆ ನನಗೆ ಪಗ್ಗಿಗಿಂತ ಹೆಚ್ಚು ಭಯ ಇರುವುದು ಇಲ್ಲೇ. ಅದು ಗಟ್ಟಿ ಜೀವ, ಬಿಸಿಲು ತಡೆಯುತ್ತೆ, ಆದರೆ ಲಾರಿಯ ಏರ್‌ ಹಾರ್ನ್ ಒಂದು ಸಲ ಕಿವಿಗೆ ಬಡಿದರೆ ಬಿಟ್ಟ ಬಾಣ. ಪರಿಚಯದವರ ನಾಯಿಯೊಂದು ಢಾಬಾ ಮುಂದೆ ಹೀಗೇ ಹಾರಿ ಜೋಳದ ಹೊಲದೊಳಗೆ ನುಗ್ಗಿತು, ಸಂಜೆಯವರೆಗೂ ಹುಡುಕಿದರು. ಪುಣ್ಯಕ್ಕೆ ಸಿಕ್ಕಿತು. ಅದಕ್ಕೇ ನಮ್ಮಲ್ಲಿ ಒಂದು ಕ್ರಮ ಇದೆ: ಒಳಗಿದ್ದವರು ಮೊದಲು ಹಗ್ಗವನ್ನು ಕೈಗೆ ಸುತ್ತಿಕೊಂಡು "ಹೂಂ" ಅನ್ನಬೇಕು, ಆಮೇಲೆ ಸೀಟಿನ ಪಟ್ಟಿ ಬಿಚ್ಚೋದು, ಆಮೇಲೆ ಬಾಗಿಲು. ರಾಣಿಯಂಥ ಮುಧೋಳ ನಾಯಿ ದೂರದಲ್ಲಿ ಮೊಲದ ನೆರಳು ಕಂಡರೂ ಕೈಗೆ ಸಿಗುವುದಿಲ್ಲ, ಆದ್ದರಿಂದ ನಮಗೆ ಇದು ರೂಢಿಯಾಗಿದೆ. ಬಾಡಿ ಬೆಲ್ಟಿಗೊಂದು, ಕುತ್ತಿಗೆ ಪಟ್ಟಿಗೊಂದು, ಹೊರಗೆ ಇಳಿಸುವಾಗ ಎರಡು ಹಗ್ಗ. ಪಟ್ಟಿಯ ಮೇಲೆ ಅಳಿಸದ ಮಾರ್ಕರಿನಲ್ಲಿ ಫೋನ್ ನಂಬರ್ ಬರೆಯಿರಿ.

ಇಳಿಸುವುದಕ್ಕೆ ಢಾಬಾ ಬೇಡ. ಅಲ್ಲಿ ಊರನಾಯಿಗಳ ಗುಂಪು ಇರುತ್ತೆ, ಹಿತ್ತಲಲ್ಲಿ ಕೋಳಿ ಮೂಳೆ ಬಿದ್ದಿರುತ್ತೆ. ಪೆಟ್ರೋಲ್ ಬಂಕಿನ ಪಕ್ಕದ ಖಾಲಿ ಜಾಗ ವಾಸಿ. ಎರಡು, ಎರಡೂವರೆ ಗಂಟೆಗೊಮ್ಮೆ ಸಾಕು. ಟಾರಿನ ಮೇಲೆ ಅಂಗೈ ಹಿಂಭಾಗ ಐದಾರು ಸೆಕೆಂಡ್ ಇಟ್ಟು ನೋಡಿ, ನಿಮಗೆ ತಡೆಯದಿದ್ದರೆ ಅವುಗಳ ಪಾದಕ್ಕೂ ತಡೆಯದು. ಹುಲ್ಲಿನಲ್ಲಿ ಓಡಾಡಿಸಿದರೆ ರಾತ್ರಿ ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣ್ಣೆ ಹುಳ ಹುಡುಕಿ.

ಊಟದ ಬಗ್ಗೆ ಕೇಳಿದ್ದಿರಿ. ಹಿಂದಿನ ರಾತ್ರಿ ಎಂಟಕ್ಕೇ ಊಟ ಮುಗಿಸಿ, ಬೆಳಗ್ಗೆ ಬರಿ ನೀರು. ಬೆಳಗಾವಿ ಆಸುಪಾಸಿನಲ್ಲಿ ಎರಡು ತುತ್ತು ಮೊಸರನ್ನ, ಹೊಟ್ಟೆ ತುಂಬ ಬೇಡ. ನೀರು ಮಾತ್ರ ಯಾವ ಕಾರಣಕ್ಕೂ ಕಡಿಮೆ ಮಾಡಬೇಡಿ, ಉಚ್ಚೆ ಹೊಯ್ದರೆ ಒರೆಸಿದರಾಯಿತು. ನಮ್ಮೂರವರು ದಾರಿಗೆ ಮಂಡಕ್ಕಿ ಕಟ್ಟಿಕೊಳ್ಳದೆ ಹೊರಡುವುದಿಲ್ಲವಲ್ಲ, ಅದರಲ್ಲಿನ ಈರುಳ್ಳಿ ನಾಯಿಗೆ ವಿಷ, ರಕ್ತಕಣ ಒಡೆಯುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟೂ ವಿಷವೇ. ಮಕ್ಕಳಿದ್ದರೆ ಅವರಿಗೂ ಹೇಳಿರಿ.

ಪುಣೆ ತಲುಪಿದ ಮೇಲೂ ಹಗ್ಗ ಬಿಚ್ಚುವ ಆತುರ ಬೇಡ. ಹೊಸ ಮನೆಯ ಬಾಗಿಲು ಲಾರಿಯಿಂದ ಸಾಮಾನು ಇಳಿಸುವವರಿಗೆ ಇಡೀ ದಿನ ತೆರೆದೇ ಇರುತ್ತೆ. ನಾಯಿಗಳನ್ನು ಒಂದು ಕೋಣೆಗೆ ಹಾಕಿ, ಅದೇ ಕೌದಿ ಹಾಸಿ, ಚಿಲಕ ಹಾಕಿ. ಬೀದಿ ನಾಯಿಯನ್ನು ಮೊದಲ ಕೆಲವು ವಾರ ಹಗ್ಗವಿಲ್ಲದೆ ಹೊರಗೆ ಬಿಡಬೇಡಿ, ಅದಕ್ಕೆ ಅಲ್ಲಿ ಮನೆ ಯಾವುದು ಅಂತಲೇ ಗೊತ್ತಿರುವುದಿಲ್ಲ. ರೇಬಿಸ್ ಲಸಿಕೆ ಈ ವರ್ಷದ್ದು ಹಾಕಿಸದಿದ್ದರೆ ದಾವಣಗೆರೆಯಲ್ಲೇ ಹಾಕಿಸಿ, ಲಸಿಕೆ ಪುಸ್ತಕ ಲಾರಿಯ ಸಾಮಾನಿನಲ್ಲಿ ಸೇರಿಹೋಗದಂತೆ ಕಾರಿನಲ್ಲೇ ಇಟ್ಟುಕೊಳ್ಳಿ. ಪುಣೆ ಮಹಾನಗರ ಪಾಲಿಕೆಯಲ್ಲಿ ನಾಯಿಗೆ ಲೈಸೆನ್ಸ್ ಮಾಡಿಸಲು ಅದೇ ಪುಸ್ತಕ ಬೇಕಾಗುತ್ತದೆ.