ಎಂಆರ್‌ಐ ಸಂಶೋಧನೆಗೆ ಟ್ರಸ್ಟ್‌ಗಳ ಹತ್ತಿರ ಹಣ ಕೇಳಬಹುದಾ?

ಎಂಆರ್‌ಐ ಸ್ಕ್ಯಾನ್ ಬೇಗ ಮುಗಿಯುವಂತೆ ಮಾಡುವ ಬಗ್ಗೆ ಪಿಎಚ್‌ಡಿ ಮಾಡ್ತಿದ್ದೀರಿ, ಗೈಡ್ ಹತ್ತಿರ ಪ್ರಾಜೆಕ್ಟ್ ಹಣ ಮುಗಿದಿದೆ, ಟ್ರಸ್ಟ್‌ಗಳು, ದಾನಿಗಳು ನಮ್ಮಂಥವರಿಗೆ ಕೊಡ್ತಾರಾ ಅಂತ ಕೇಳಿದ್ದೀರಿ. ಕೊಡ್ತಾರೆ. ನಾನೂ ಇದೇ ವಿಷಯದಲ್ಲಿ ಪಿಎಚ್‌ಡಿ ಮಾಡಿದವಳು. ಒಂದು ಸಲ ಕೇಳಿ ಸಿಗಲಿಲ್ಲ, ಇನ್ನೊಂದು ಸಲ ಸಿಕ್ಕಿತು.

ಸಿಗದೇ ಇದ್ದದ್ದು 12 ಲಕ್ಷ. ಒಂದು ಕಾಯಿಲ್ (ಮೈಯಿಂದ ಬರುವ ಸಿಗ್ನಲ್ ಹಿಡಿಯುವ ಸ್ಕ್ಯಾನರ್ ಭಾಗ) ಮಾಡಿಸಬೇಕು ಅಂತ ಒಂದು ಕಂಪನಿಯ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ವಿಭಾಗಕ್ಕೆ ಏಳು ಪುಟ ಬರೆದು ಕಳಿಸಿದ್ದೆ. ಉತ್ತರವೇ ಬರಲಿಲ್ಲ. ಈಗ ಆ ಏಳು ಪುಟ ಓದಿದರೆ ನನಗೇ ನಗು ಬರುತ್ತೆ. ಗೈಡ್ ಬಿಟ್ಟರೆ ಇನ್ಯಾರಿಗೂ ಅರ್ಥವಾಗದ ಬರಹ ಅದು.

ಆಮೇಲೆ ನಮ್ಮ ಶಿವಮೊಗ್ಗ ಕಡೆಯ ಒಂದು ಸಣ್ಣ ಟ್ರಸ್ಟ್‌ಗೆ ಹೋದೆ. ಹೆಚ್ಚಾಗಿ ಮಕ್ಕಳ ಫೀಸಿಗೆ ಕೊಡುವ ಟ್ರಸ್ಟ್ ಅದು. ಕೇಳಿದ್ದು ಬರೀ 68,000 ರೂಪಾಯಿ. ಆಸ್ಪತ್ರೆಯೊಂದರಲ್ಲಿ ರೋಗಿಗಳೆಲ್ಲ ಮುಗಿದ ಮೇಲೆ ರಾತ್ರಿ 20 ಗಂಟೆಗಳ ಸ್ಕ್ಯಾನರ್ ಸಮಯ, ಗಂಟೆಗೆ 2,500ರಂತೆ 50,000. ಸ್ಕ್ಯಾನಿಗೆ ಬರುವ 24 ಜನರ ಬಸ್ಸು, ಊಟಕ್ಕೆ ತಲೆಗೆ 250ರಂತೆ 6,000. ಎರಡು ಹಾರ್ಡ್ ಡಿಸ್ಕಿಗೆ 12,000. ಒಂದೇ ಹಾಳೆ.

ಜೊತೆಗೆ ಒಂದು ಡಬ್ಬಿ ತಗೊಂಡು ಹೋಗಿದ್ದೆ. ಮನುಷ್ಯರನ್ನು ಮಲಗಿಸುವ ಮೊದಲು ಸ್ಕ್ಯಾನರ್ ಪರೀಕ್ಷೆಗೆ ಫ್ಯಾಂಟಮ್ ಅಂತ ಒಂದು ನಕಲಿ ಮೈ ಇಡ್ತೀವಲ್ವಾ, ಅದನ್ನು ನಾನೇ ಮಾಡಿಕೊಂಡಿದ್ದೆ. ಉಪ್ಪಿನಕಾಯಿಯ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಚೈನಾ ಗ್ರಾಸ್ ಕುದಿಸಿ ಗಟ್ಟಿ ಮಾಡಿದ್ದು, ಅದಕ್ಕೊಂದು ಚಿಟಿಕೆ ಕಾಪರ್ ಸಲ್ಫೇಟ್. ತಾಮ್ರ ಸೇರಿದರೆ ನೀರಿನ ಸಿಗ್ನಲ್ ಬೇಗ ಚೇತರಿಸಿಕೊಳ್ಳುತ್ತೆ, ಅಂಗಾಂಶದ ಹಾಗೆ. ಮೊದಲನೇ ಡಬ್ಬಿ ಹಾಳಾಗಿತ್ತು. ಬಿಸಿ ಇದ್ದಾಗ ಗಡಿಬಿಡಿಯಲ್ಲಿ ಸುರಿದಿದ್ದೆ, ಗುಳ್ಳೆಗಳು ಉಳಿದು ಚಿತ್ರದ ತುಂಬ ಕಪ್ಪು ತೂತು.

ಟ್ರಸ್ಟಿನ ಹಿರಿಯರು ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿ, "ಏನಮ್ಮಾ, ಈ ನೀಲಿ ನಮ್ಮ ಮೈಲುತುತ್ತಲ್ವೇನೇ?" ಅಂದರು. ಹೌದು, ಅಡಿಕೆಗೆ ಕೊಳೆರೋಗ ಬಾರದ ಹಾಗೆ ಬೋರ್ಡೋ ದ್ರಾವಣ ಹೊಡೆಯುವಾಗ ಸುಣ್ಣದ ಜೊತೆ ಕಲಸುವ ಅದೇ ಮೈಲುತುತ್ತು. ಅಲ್ಲಿಂದ ಮಾತು ಸಲೀಸಾಯಿತು. ಅವರ ಹೆಂಡತಿ ಸ್ಕ್ಯಾನರ್ ಒಳಗೆ ಅರ್ಧ ಗಂಟೆ ಅಲುಗಾಡದೆ ಮಲಗೋಕೆ ಪಟ್ಟ ಕಷ್ಟ ಹೇಳಿಕೊಂಡರು. ಆ ಅರ್ಧ ಗಂಟೆಯನ್ನು ಹತ್ತು ನಿಮಿಷಕ್ಕೆ ಇಳಿಸೋದೇ ನನ್ನ ಕೆಲಸ ಅಂದೆ. ಮುಂದಿನ ತಿಂಗಳು ಚೆಕ್ ಬಂತು.

ದೊಡ್ಡ ದಾನಿಗಳ ವಿಷಯ ಬೇರೆ. ಅವರ ದುಡ್ಡು ಸಾಮಾನ್ಯವಾಗಿ ಸಂಸ್ಥೆಗೆ ಹೋಗುತ್ತೆ, ನಿಮ್ಮ ಕೈಗಲ್ಲ. ಇನ್ಫೋಸಿಸ್ ಸಹಸಂಸ್ಥಾಪಕ ಕ್ರಿಸ್ ಗೋಪಾಲಕೃಷ್ಣನ್ ಅವರ ಪ್ರತೀಕ್ಷಾ ಟ್ರಸ್ಟ್ ಬೆಂಗಳೂರಿನ ಐಐಎಸ್‌ಸಿಯಲ್ಲಿ (ಭಾರತೀಯ ವಿಜ್ಞಾನ ಸಂಸ್ಥೆ) ಮೆದುಳು ಸಂಶೋಧನಾ ಕೇಂದ್ರಕ್ಕೆ 225 ಕೋಟಿ ಕೊಟ್ಟಿತು. ಅಲ್ಲಿಯೇ ವೈದ್ಯಕೀಯ ಕಾಲೇಜು ಮತ್ತು ಆಸ್ಪತ್ರೆಗೆ 2022ರಲ್ಲಿ ಮೈಂಡ್‌ಟ್ರೀ ಕಂಪನಿಯ ಬಾಗ್ಚಿ ಮತ್ತು ಪಾರ್ಥಸಾರಥಿ ದಂಪತಿಗಳು 425 ಕೋಟಿ ಘೋಷಿಸಿದರು. (ಐಐಎಸ್‌ಸಿಯೇ ಒಬ್ಬ ದಾನಿಯ ಆಸೆಯಿಂದ ಹುಟ್ಟಿದ್ದು. ಹಳೇ ಆಟೋದವರಿಗೆ ಇವತ್ತಿಗೂ ಅದು ಟಾಟಾ ಇನ್‌ಸ್ಟಿಟ್ಯೂಟ್.) ಇಷ್ಟು ದೊಡ್ಡ ಮೊತ್ತದ ಮುಂದೆ ನಮ್ಮ 68,000 ಎಲ್ಲಿ ಅಂತ ಅನ್ನಿಸಬಹುದು. ಆದರೆ ಆ ಹಣದಿಂದ ಏನು ನಡೀತಿದೆ ನೋಡಿ. ಆ ಮೆದುಳು ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ 10,000 ಜನರನ್ನು ವರ್ಷಗಟ್ಟಲೆ ಪರೀಕ್ಷಿಸುವ ಗುರಿ ಇಟ್ಟುಕೊಂಡಿದೆ. ಮರೆವಿನ ಕಾಯಿಲೆ ಹೇಗೆ ಬರುತ್ತೆ ಅಂತ ತಿಳಿಯೋಕೆ. ಆ ಪರೀಕ್ಷೆಗಳಲ್ಲಿ ಎಂಆರ್‌ಐ ಕೂಡ ಇದೆ. ಇಂಥ ಕಡೆ ದಾನ ಕೇಳಬೇಡಿ, ಜೊತೆಗೆ ಕೆಲಸ ಮಾಡ್ತೀನಿ ಅಂತ ಕೇಳಿ.

ವ್ಯಕ್ತಿಗಳನ್ನೇ ನೋಡಿ ಕೊಟ್ಟವರೂ ಇದ್ದಾರೆ. ಅಮೆರಿಕದ ವಿಟೇಕರ್ ಫೌಂಡೇಷನ್ ಆಗಷ್ಟೇ ಕೆಲಸಕ್ಕೆ ಸೇರಿದ ಬಯೋಮೆಡಿಕಲ್ ಎಂಜಿನಿಯರ್‌ಗಳಿಗೆ ಹಣ ಕೊಡ್ತಿತ್ತು. ಗಂಟನ್ನೆಲ್ಲ ಖರ್ಚು ಮಾಡೇ ಬಾಗಿಲು ಹಾಕ್ತೀವಿ ಅಂತ ಹೇಳಿ, 2006ರಲ್ಲಿ ಹಾಗೇ ಮಾಡಿತು. ನನಗೆ ಇಂಥವರನ್ನು ಕಂಡರೆ ಗೌರವ ಜಾಸ್ತಿ. ನಮ್ಮಲ್ಲಿ ಪಿಎಚ್‌ಡಿ ಮುಗಿಸುವ ಹೊತ್ತಿಗೆ ಇಂಡಿಯಾ ಅಲಯನ್ಸ್ ಫೆಲೋಶಿಪ್ ನೋಡಿ. ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್ ಮತ್ತು ನಮ್ಮ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆ ಸೇರಿ ನಡೆಸುವಂಥದ್ದು ಅದು. ಈಗಲೇ ಬೇಡ.

ಸಿಎಸ್‌ಆರ್ ಹಣ ನಿಮ್ಮ ಖಾತೆಗೆ ಬರಲ್ಲ, ಸಂಸ್ಥೆಯ ಮೂಲಕವೇ ಬರಬೇಕು. ಸಣ್ಣ ಟ್ರಸ್ಟಿನ ಚೆಕ್ಕನ್ನೂ ಕಾಲೇಜಿನ ಹೆಸರಿಗೇ ತಗೊಳ್ಳಿ. ನನ್ನ ಚೆಕ್ ಅಕೌಂಟ್ಸ್ ಸೆಕ್ಷನ್ನಿನಲ್ಲಿ ಎರಡು ತಿಂಗಳು ಕೂತಿತ್ತು. ಯಾವ ಹೆಡ್ಡಿಗೆ (ಲೆಕ್ಕದ ಶೀರ್ಷಿಕೆಗೆ) ಹಾಕೋದು ಅಂತ ಯಾರಿಗೂ ಗೊತ್ತಿರಲಿಲ್ಲ. ಮೊದಲೇ ಹೋಗಿ ಸೂಪರಿಂಟೆಂಡೆಂಟ್ ಹತ್ತಿರ ಮಾತಾಡಿ. ಯುಟಿಲೈಸೇಷನ್ ಸರ್ಟಿಫಿಕೇಟ್ (ಹಣ ಹೇಗೆ ಖರ್ಚಾಯಿತು ಅನ್ನೋ ಪತ್ರ) ಸರಿಯಾದ ಸಮಯಕ್ಕೆ ಕೊಡಿ. ಬಸ್ ಟಿಕೆಟನ್ನೂ ಎಸೆಯಬೇಡಿ.

ಇನ್ನೊಂದು ಮಾತು, ಸ್ವಲ್ಪ ಖಾರವಾಗಿ. ಹಣವಿಲ್ಲ ಅಂತ ಸುಮ್ನೆ ಕೂರಬೇಡಿ. ಸಿಟಿ ಸ್ಕ್ಯಾನ್ ಚಿತ್ರ ಕಟ್ಟುವಾಗ ಬಳಸುವ ರಾಮ್-ಲ್ಯಾಕ್ ಫಿಲ್ಟರ್ ಗೊತ್ತಲ್ವಾ? ಅದು ಜಿ. ಎನ್. ರಾಮಚಂದ್ರನ್ ಮತ್ತು ಎ. ವಿ. ಲಕ್ಷ್ಮೀನಾರಾಯಣನ್ 1971ರಲ್ಲಿ ಪ್ರಕಟಿಸಿದ ಲೆಕ್ಕ, ಅದಕ್ಕೆ ಸ್ಕ್ಯಾನರ್ ಬೇಕಾಗಿರಲಿಲ್ಲ. ಲಂಡನ್ನಿನಲ್ಲಿ ಹೌನ್ಸ್‌ಫೀಲ್ಡ್ ಅವರ ಸಿಟಿ ಯಂತ್ರ ಮೊದಲ ರೋಗಿಯ ತಲೆ ಸ್ಕ್ಯಾನ್ ಮಾಡಿದ್ದೂ ಅದೇ ವರ್ಷ. ನಿಮ್ಮ ಕೆಲಸದ ಮೊದಲ ಭಾಗಕ್ಕೂ ಸ್ವಂತ ಸ್ಕ್ಯಾನ್ ಬೇಕಿಲ್ಲ. ಫಾಸ್ಟ್‌ಎಂಆರ್‌ಐ ಅನ್ನೋ ಸಾರ್ವಜನಿಕ ಸಂಗ್ರಹದ ಡೇಟಾ ಪುಕ್ಕಟೆ ಸಿಗುತ್ತೆ, ಮೊಣಕಾಲಿನ ಕೆ-ಸ್ಪೇಸ್ (ಚಿತ್ರ ಕಟ್ಟುವ ಮೊದಲಿನ ಕಚ್ಚಾ) ಡೇಟಾ ಕೂಡ ಅದರಲ್ಲಿದೆ. ಅದರ ಮೇಲೆ ಮಾಡಿದ ಎರಡು ಚಿತ್ರ, ನಿಧಾನದ್ದು ಒಂದು, ಬೇಗನೆಯದು ಒಂದು, ಪಕ್ಕಪಕ್ಕ ಪ್ರಿಂಟ್ ಹಾಕಿಸಿ ಟ್ರಸ್ಟಿನವರ ಮುಂದೆ ಇಡಿ.

ಇವತ್ತೇ ಶುರು ಮಾಡಬೇಕಾದದ್ದು ಎಥಿಕ್ಸ್ ಕಮಿಟಿಗೆ (ಮನುಷ್ಯರ ಮೇಲಿನ ಸಂಶೋಧನೆಗೆ ಒಪ್ಪಿಗೆ ಕೊಡುವ ಸಮಿತಿ) ಅರ್ಜಿ. ಅದಿಲ್ಲದೆ ಯಾವ ಆಸ್ಪತ್ರೆಯೂ ರಾತ್ರಿ ಸ್ಕ್ಯಾನರ್ ಬಿಟ್ಟುಕೊಡಲ್ಲ. ನನಗೆ ನಾಲ್ಕು ತಿಂಗಳು ಹಿಡಿಯಿತು.