ಮೊಬೈಲಿನಲ್ಲಿ ವೈದ್ಯಕೀಯ ಮಾಹಿತಿ: ಕಲಿಸುವುದು ಎಲ್ಲಿಂದ?

ಪ್ರಶ್ನೆ: ಕುಷ್ಟಗಿ ತಾಲ್ಲೂಕಿನ ಉಪಕೇಂದ್ರವೊಂದರಲ್ಲಿ ನಾನು ಸಮುದಾಯ ಆರೋಗ್ಯ ಅಧಿಕಾರಿಯಾಗಿದ್ದೇನೆ. ನಮ್ಮ ಆಶಾ ಕಾರ್ಯಕರ್ತೆಯರ ಬಳಿ ಸ್ಮಾರ್ಟ್‌ಫೋನ್ ಇದೆ. ಆದರೆ ಸಂಶಯ ಬಂದಾಗ ಅವರು ಯೂಟ್ಯೂಬ್ ನೋಡುತ್ತಾರೆ, ಇಲ್ಲವೇ ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದನ್ನು ನಂಬುತ್ತಾರೆ. ಸರಿಯಾದ ಮಾಹಿತಿ ಹುಡುಕಲು ಅವರಿಗೆ ತರಬೇತಿ ಕೊಡಬೇಕೆಂದಿದ್ದೇನೆ. ಎಲ್ಲಿಂದ ಆರಂಭಿಸಲಿ?

ಉತ್ತರ: ಮನೆಭೇಟಿಯಲ್ಲಿ ಜನರು ಅವರನ್ನು ಕೇಳುವ ಪ್ರಶ್ನೆಗಳಿಂದಲೇ ಆರಂಭಿಸಿ. ಜಾಲತಾಣಗಳ ಪಟ್ಟಿಯೊಂದನ್ನು ಹಂಚಿ ಮುಗಿಸುವ ತರಬೇತಿಯಿಂದ ಪ್ರಯೋಜನವಿಲ್ಲವೆಂದು ನಾನು ದೃಢವಾಗಿ ನಂಬಿದ್ದೇನೆ. ಪ್ರತಿಯೊಬ್ಬ ಕಾರ್ಯಕರ್ತೆಯೂ ಊರಿನಲ್ಲಿ ತಾನು ಉತ್ತರಿಸಲಾಗದ ಒಂದು ಪ್ರಶ್ನೆಯನ್ನು ಡೈರಿಯಲ್ಲಿ ಬರೆದು ತರಲಿ; ಅದನ್ನೇ ಎಲ್ಲರೂ ಕೂಡಿ ಹುಡುಕಿ.

ಗರ್ಭಿಣಿಯರಿಗೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನೇ ತೆಗೆದುಕೊಳ್ಳಿ. ಹುಡುಕಿದರೆ ಕೆಲವು ಪುಟಗಳಲ್ಲಿ ದಿನಕ್ಕೆ 100 ಮಿಲಿಗ್ರಾಂ ಎಂದೂ ಕೆಲವು ಪುಟಗಳಲ್ಲಿ 60 ಮಿಲಿಗ್ರಾಂ ಎಂದೂ ಇರುತ್ತದೆ. ಇವೆರಡೂ ನಮ್ಮ ಸರ್ಕಾರವೇ ಹೇಳಿದ ಪ್ರಮಾಣಗಳು: 2013ರ ಮಾರ್ಗಸೂಚಿಯಲ್ಲಿ 100 ಇತ್ತು, 2018ರಲ್ಲಿ ಬಂದ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮವು ಅದನ್ನು 60 ಮಿಲಿಗ್ರಾಂ ಕಬ್ಬಿಣಾಂಶ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲಕ್ಕೆ ಬದಲಿಸಿತು. ನಾಲ್ಕನೆಯ ತಿಂಗಳಿನಿಂದ ಕನಿಷ್ಠ 180 ದಿನ, ಹೆರಿಗೆಯ ನಂತರವೂ 180 ದಿನ ಇದನ್ನು ಕೊಡಬೇಕು. ಎರಡು ಪುಟಗಳನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದವರು ಪುಟದ ದಿನಾಂಕವನ್ನು ಹುಡುಕುವ ಅಭ್ಯಾಸವನ್ನು ಮುಂದೆ ಬಿಡುವುದಿಲ್ಲ. ಭೇದಿಯಾದಾಗ ನೀರಿನಲ್ಲಿ ಕಲಸಿ ಕುಡಿಸುವ ಓಆರ್‌ಎಸ್ ಕೂಡ ಇಂಥದ್ದೇ: ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2002ರಲ್ಲಿ ಉಪ್ಪು ಮತ್ತು ಗ್ಲೂಕೋಸ್ ಎರಡನ್ನೂ ಕಡಿಮೆ ಮಾಡಿದ ಹೊಸ ಸೂತ್ರವನ್ನು ಶಿಫಾರಸು ಮಾಡಿದವು, ಆದರೂ ಹಳೆಯ ಅಳತೆಗಳು ಇಂದಿಗೂ ಅಂತರ್ಜಾಲದಲ್ಲಿ ಹಾಗೆಯೇ ಉಳಿದಿವೆ.

ದಿನಾಂಕದಷ್ಟೇ ಮುಖ್ಯವಾದದ್ದು, ಆ ಪುಟವನ್ನು ಯಾರು, ಯಾವ ದೇಶದವರಿಗಾಗಿ ಬರೆದಿದ್ದಾರೆ ಎಂಬುದು. ಹಾವು ಕಡಿತದ ಬಗ್ಗೆ ಅಮೆರಿಕದ ಪುಟ ಎಷ್ಟೇ ಪ್ರಾಮಾಣಿಕವಾಗಿದ್ದರೂ ಅಲ್ಲಿನ ಹಾವು ಬೇರೆ, ಅಲ್ಲಿನ ಪ್ರತಿವಿಷವೂ ಬೇರೆ. ನಮ್ಮ ಆಸ್ಪತ್ರೆಗಳಲ್ಲಿರುವುದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸಮಂಡಲಗಳ ವಿಷಕ್ಕೆಂದು ತಯಾರಾದ ಪ್ರತಿವಿಷ. ಆದ್ದರಿಂದ ಕೇಂದ್ರ ಆರೋಗ್ಯ ಸಚಿವಾಲಯ ಮತ್ತು ರಾಷ್ಟ್ರೀಯ ಆರೋಗ್ಯ ಅಭಿಯಾನದ ತಾಣಗಳನ್ನು ಮೊದಲು ತೋರಿಸಿ, ವಿಶ್ವ ಆರೋಗ್ಯ ಸಂಸ್ಥೆಯದನ್ನು ಅನಂತರ ತೋರಿಸಿ. ಹುಡುಕಿದ ಕೂಡಲೇ ಮೇಲ್ಭಾಗದಲ್ಲಿ ಮೂಡುವ ಯಂತ್ರರಚಿತ ಸಾರಾಂಶವನ್ನು ಓದಿ ನಿಲ್ಲಿಸದೆ, ಅದು ಆಧರಿಸಿರುವ ಮೂಲ ಪುಟವನ್ನು ತೆರೆಯುವುದನ್ನು ಕಡ್ಡಾಯವಾಗಿ ಅಭ್ಯಾಸ ಮಾಡಿಸಿ.

ನಿಮ್ಮ ಸ್ವಂತ ಕೆಲಸಕ್ಕೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಚಿಕಿತ್ಸಾ ಕ್ರಮದ ಹಾಳೆಗಳು ಬಹಳ ಉಪಯುಕ್ತ. ರೋಗಿಯನ್ನು ಯಾವ ಹಂತದಲ್ಲಿ ಮೇಲಿನ ಆಸ್ಪತ್ರೆಗೆ ಕಳುಹಿಸಬೇಕೆಂಬುದು ಅವುಗಳಲ್ಲಿ ಸ್ಪಷ್ಟವಾಗಿದೆ. ವೈದ್ಯಕೀಯ ಸಂಶೋಧನೆಗಳನ್ನು ಹುಡುಕುವ ತಾಣವಾದ ಪಬ್‌ಮೆಡ್ ಕೂಡ ಉಚಿತವೇ, ಆದರೆ ಅಲ್ಲಿ ಹೆಚ್ಚಾಗಿ ಸಿಗುವುದು ಸಂಶೋಧನಾ ಲೇಖನಗಳ ಸಾರಾಂಶ. ಒಂದೇ ಅಧ್ಯಯನವನ್ನು ಓದಿ ಚಿಕಿತ್ಸೆಯನ್ನು ಬದಲಿಸುವಂತಿಲ್ಲವಾದ್ದರಿಂದ ಆಶಾ ತರಬೇತಿಗೆ ಅದನ್ನು ತರುವ ಅಗತ್ಯವಿಲ್ಲ.

ಪ್ರಶ್ನೆ: ನಾನು ಸಿಂಧನೂರು ತಾಲ್ಲೂಕಿನ ಆಶಾ ಕಾರ್ಯಕರ್ತೆ. ನನಗೆ ಇಂಗ್ಲಿಷ್ ಬರುವುದಿಲ್ಲ, ನಮ್ಮ ಕ್ಯಾಂಪಿನಲ್ಲಿ ನೆಟ್‌ವರ್ಕ್ ಕೂಡ ಸರಿಯಾಗಿ ಸಿಗುವುದಿಲ್ಲ. ನನ್ನಂಥವರು ಏನು ಮಾಡಬೇಕು?

ಉತ್ತರ: ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಸಭೆಗೆ ಹೋದ ದಿನ, ನೆಟ್‌ವರ್ಕ್ ಇರುವಲ್ಲಿ ನಿಮಗೆ ಬೇಕಾದ ಕನ್ನಡದ ಕೈಪಿಡಿಗಳನ್ನು ಫೋನಿಗೆ ಇಳಿಸಿಕೊಳ್ಳಿ. ಇಂಗ್ಲಿಷ್ ಪುಟವನ್ನು ಫೋನಿನಲ್ಲೇ ಕನ್ನಡಕ್ಕೆ ಅನುವಾದಿಸಿ ಓದಬಹುದು, ಆದರೆ ಮಾತ್ರೆಯ ಪ್ರಮಾಣವನ್ನು ಅಂಥ ಅನುವಾದದಿಂದ ಎಂದಿಗೂ ತೆಗೆದುಕೊಳ್ಳಬೇಡಿ. ನಿಮ್ಮ ಸಮುದಾಯ ಆರೋಗ್ಯ ಅಧಿಕಾರಿಗೆ ತೋರಿಸಿ, ಅಗತ್ಯವಿದ್ದರೆ ಅವರು ಸರ್ಕಾರದ ದೂರವೈದ್ಯಕೀಯ ಸೇವೆಯಾದ ಇ-ಸಂಜೀವಿನಿಯ ಮೂಲಕ ವೈದ್ಯರನ್ನೇ ಕೇಳುತ್ತಾರೆ. ಪರಿಶೀಲಿಸಿದ ಕನ್ನಡ ಸಾಮಗ್ರಿಯನ್ನು ನಿಮಗೆ ಒದಗಿಸುವುದು ಆರೋಗ್ಯ ಇಲಾಖೆಯ ಕರ್ತವ್ಯ, ಅದನ್ನು ಸಭೆಯಲ್ಲಿ ಸಂಕೋಚವಿಲ್ಲದೆ ಕೇಳಿ.

ಹಾವು ಕಚ್ಚಿದಾಗ, ಗದ್ದೆಗೆ ಎಣ್ಣೆ (ಕೀಟನಾಶಕ) ಹೊಡೆಯುವಾಗ ವಿಷ ಸೋಕಿದಾಗ, ಹೆರಿಗೆಯಲ್ಲಿ ರಕ್ತಸ್ರಾವವಾದಾಗ ಫೋನಿನಲ್ಲಿ ಹುಡುಕುತ್ತ ಕೂರಬಾರದು. 108ಕ್ಕೆ ಕರೆ ಮಾಡಬೇಕು. ಎಣ್ಣೆ ಸೋಕಿದವರ ಬಟ್ಟೆ ತೆಗೆಸಿ, ಮೈಯನ್ನು ಸೋಪು ನೀರಿನಿಂದ ತೊಳೆಸಿ, ಡಬ್ಬಿಯ ಮೇಲಿನ ಲೇಬಲ್ಲನ್ನು ಆಸ್ಪತ್ರೆಗೆ ಕಳುಹಿಸಿ. ಇಂಥ ಸಂದರ್ಭಗಳಿಗೆ ಬೇಕಾದದ್ದನ್ನು ಮೊದಲೇ ಓದಿ ತಿಳಿದಿರಬೇಕು.

ಕೊನೆಯದಾಗಿ, ಸಂಶಯವನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೇಳುವಾಗ ಗರ್ಭಿಣಿಯ ಹೆಸರನ್ನಾಗಲಿ ತಾಯಿ ಕಾರ್ಡಿನ ಫೋಟೋವನ್ನಾಗಲಿ ಹಾಕಬೇಡಿ. ವಯಸ್ಸು, ಎಷ್ಟನೆಯ ತಿಂಗಳು, ಏನು ತೊಂದರೆ ಎಂಬುದನ್ನು ಬರೆದರೆ ಸಾಕು.