ಟೆಕ್ಸಸ್‌ನಲ್ಲಿ ಕಾರು, ಮನೆ ಇನ್ಶೂರೆನ್ಸ್: ಪ್ರೀಮಿಯಂಗಿಂತ ಮೊದಲು ನೋಡಬೇಕಾದ ಅಂಕಿಗಳು

ಡಲ್ಲಾಸ್ ಕಡೆ ಬಂದು ಮೂರು ತಿಂಗಳಾಯಿತು, ಹಳೇ ಕಾರು ತಗೊಂಡಿದ್ದೇನೆ, ಕಾನೂನಿಗೆ ಬೇಕಾದಷ್ಟು ಇನ್ಶೂರೆನ್ಸ್ ಸಾಕಾ, ಮುಂದಿನ ವರ್ಷ ಮನೆ ಕೊಂಡರೆ ಏನು ನೋಡಬೇಕು ಅಂತ ಕೇಳಿದ್ದೀರಿ. ಖಂಡಿತ ಸಾಕಾಗುವುದಿಲ್ಲ.

ಟೆಕ್ಸಸ್‌ನ ಕನಿಷ್ಠ ಮೊತ್ತ 30/60/25. ಅಂದರೆ ತಪ್ಪು ನಿಮ್ಮದಾದರೆ ಎದುರಿನವರಲ್ಲಿ ಒಬ್ಬರ ಗಾಯಕ್ಕೆ 30,000 ಡಾಲರ್, ಎಲ್ಲರಿಗೂ ಸೇರಿ 60,000, ಅವರ ಗಾಡಿಗೆ, ಆಸ್ತಿಗೆ 25,000. ನಿಮ್ಮ ಕಾರಿಗೆ ಇದರಲ್ಲಿ ಏನೂ ಇಲ್ಲ. ಹೊಸ ಪಿಕಪ್‌ಗೆ ಹಿಂದಿನಿಂದ ಗುದ್ದಿ 40,000 ನಷ್ಟವಾದರೆ ಕಂಪನಿ 25,000 ಕೊಡುತ್ತದೆ, ಮಿಕ್ಕ 15,000 ನಿಮ್ಮ ತಲೆಗೆ. ನಮ್ಮೂರಲ್ಲಿ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇದ್ದರೆ ಗಾಯ, ಸಾವಿನ ಪರಿಹಾರಕ್ಕೆ ಮಿತಿಯಿಲ್ಲ. ಆ ಅಭ್ಯಾಸದಲ್ಲೇ ಇಲ್ಲಿ ಬಂದವರು ಮೋಸಹೋಗುತ್ತಾರೆ. 100/300/100ಕ್ಕೂ ಕೊಟೇಷನ್ ಕೇಳಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಇನ್ಶೂರೆನ್ಸ್ ಇಲ್ಲದವನು ನಿಮಗೆ ಗುದ್ದಿದರೆ ನಿಮ್ಮನ್ನು ಕಾಪಾಡುವುದು ನಿಮ್ಮದೇ ಪಾಲಿಸಿಯ ‘ಅನ್‌ಇನ್ಶೂರ್ಡ್ ಮೋಟರಿಸ್ಟ್’ ಭಾಗ. ತಪ್ಪು ಯಾರದೇ ಇರಲಿ, ನಿಮ್ಮ ಕಾರಿನಲ್ಲಿದ್ದವರ ಆಸ್ಪತ್ರೆ ಖರ್ಚಿಗೆ ಕನಿಷ್ಠ 2,500 ಡಾಲರ್ ಕೊಡುವುದು ಪಿಐಪಿ (ಪರ್ಸನಲ್ ಇಂಜುರಿ ಪ್ರೊಟೆಕ್ಷನ್). ಟೆಕ್ಸಸ್‌ನಲ್ಲಿ ಬೇಡ ಅಂತ ಬರೆದುಕೊಡದ ಹೊರತು ಇವೆರಡೂ ಪಾಲಿಸಿಯಲ್ಲಿ ಇರಲೇಬೇಕು. ಆನ್‌ಲೈನ್ ಸಹಿ ಹಾಕುವಾಗ ‘ರಿಜೆಕ್ಷನ್’ ಅಂತ ಒಂದು ಪುಟ ಬಂದರೆ ಅಲ್ಲೇ ನಿಲ್ಲಿ. ಅಗ್ಗದ ಕೊಟೇಷನ್ ಅಗ್ಗವಾಗುವುದು ಎಷ್ಟೋ ಸಲ ಅಲ್ಲೇ.

ನಿಮ್ಮ ಕಾರು ಡಿಕ್ಕಿಯಾಗಿ ಹಾಳಾದರೆ ದುಡ್ಡು ಕೊಡುವ ಭಾಗ ಕೊಲಿಷನ್. ಕಳ್ಳತನ, ಆಲಿಕಲ್ಲು, ಅಡ್ಡ ಬಂದ ಜಿಂಕೆ ಇವೆಲ್ಲ ಕಾಂಪ್ರಹೆನ್ಸಿವ್. ಕಾರಿನ ಬೆಲೆಯೇ 3,000 ಇದ್ದು ಡಿಡಕ್ಟಿಬಲ್ (ನಷ್ಟದಲ್ಲಿ ಮೊದಲು ನೀವೇ ಹೊರಬೇಕಾದ ಪಾಲು) 1,000 ಇದ್ದರೆ ಕೊಲಿಷನ್ ಬಿಡುವ ಯೋಚನೆ ಮಾಡಬಹುದು, ಆದರೆ ಈ ಊರಲ್ಲಿ ಕಾಂಪ್ರಹೆನ್ಸಿವ್ ಬಿಡಬೇಡಿ.

ಅಪಾರ್ಟ್‌ಮೆಂಟ್ ಮಾಲೀಕರ ಇನ್ಶೂರೆನ್ಸ್ ಕಟ್ಟಡಕ್ಕೆ ಮಾತ್ರ, ನಿಮ್ಮ ಸಾಮಾನಿಗೆ ರೆಂಟರ್ಸ್, ಅಂದರೆ ಬಾಡಿಗೆದಾರರ ಇನ್ಶೂರೆನ್ಸ್ ಬೇಕು. ಕಾರಿನ ಗಾಜು ಒಡೆದು ಲ್ಯಾಪ್‌ಟಾಪ್ ಕದ್ದರೂ ಅದಕ್ಕೆ ದುಡ್ಡು ಬರುವುದು ರೆಂಟರ್ಸ್‌ನಿಂದಲೇ, ಕಾರಿನ ಪಾಲಿಸಿಯಿಂದಲ್ಲ. ಒಡವೆ ಕಳುವಾದರೆ ಸಾಮಾನ್ಯವಾಗಿ 1,500 ಡಾಲರ್‌ನಂಥ ಸಣ್ಣ ಮಿತಿ ಇರುತ್ತದೆ. ಮದುವೆಯ ಬಳೆ, ಸರಗಳಿಗೆ ಇದು ಯಾವ ಮೂಲೆಗೂ ಸಾಲದು. ಬೆಲೆ ಕಟ್ಟಿಸಿ, ಫೋಟೋ, ಬಿಲ್ಲು ಕೊಟ್ಟು ಒಂದೊಂದನ್ನೂ ಪ್ರತ್ಯೇಕವಾಗಿ ಪಾಲಿಸಿಯಲ್ಲಿ ಬರೆಸಿ.

ಮನೆ ಪಾಲಿಸಿಯಲ್ಲಿ ಎಲ್ಲಕ್ಕಿಂತ ಮುಖ್ಯ, ಗಾಳಿ ಮತ್ತು ಆಲಿಕಲ್ಲಿನ ಡಿಡಕ್ಟಿಬಲ್. ಅದನ್ನು ಸಾಮಾನ್ಯವಾಗಿ ಶೇಕಡಾ ಲೆಕ್ಕದಲ್ಲಿ ಬರೆದಿರುತ್ತಾರೆ, ಅದೂ ನಷ್ಟದ ಮೇಲಲ್ಲ, ಮನೆಗೆ ಬರೆಸಿದ ಮೊತ್ತದ ಮೇಲೆ. 4 ಲಕ್ಷ ಡಾಲರ್‌ಗೆ ಬರೆಸಿದ ಮನೆಗೆ ಶೇ. 2 ಅಂದರೆ 8,000. ಚಾವಣಿ ಬದಲಿಸಲು 15,000 ಆದರೆ ನಿಮಗೆ ಸಿಗುವುದು 7,000. ಚಾವಣಿಗೆ ‘ರಿಪ್ಲೇಸ್‌ಮೆಂಟ್ ಕಾಸ್ಟ್’ (ಹೊಸದು ಹಾಕಿಸುವ ಖರ್ಚು) ಬದಲು ‘ಆ್ಯಕ್ಚುಯಲ್ ಕ್ಯಾಶ್ ವ್ಯಾಲ್ಯೂ’ ಅಂತಿದ್ದರೆ ಸವಕಳಿಯನ್ನೂ ಕಳೆಯುತ್ತಾರೆ. ಅರ್ಧ ಆಯಸ್ಸು ಮುಗಿಸಿದ ಚಾವಣಿಗೆ 7,500 ಬೆಲೆ ಕಟ್ಟಿ 8,000 ಕಳೆದರೆ ಕೈಗೆ ಬರುವುದು ಸೊನ್ನೆ. ಪ್ರೀಮಿಯಂ ಕಡಿಮೆ ಅಂತ ಈ ಪದ ನೋಡದೆ ಸಹಿ ಹಾಕಿದವರಿಗೆ ಇದು ಗೊತ್ತಾಗುವುದು ಮಳೆ ನಿಂತ ಮೇಲೆ.

ಆಲಿಕಲ್ಲು ಬಿದ್ದ ಮರುದಿನ ಚಾವಣಿ ಕಂಟ್ರಾಕ್ಟರ್‌ಗಳು ಬಾಗಿಲು ತಟ್ಟಿ ‘ಡಿಡಕ್ಟಿಬಲ್ ನಾವೇ ನೋಡಿಕೊಳ್ತೀವಿ’ ಅನ್ನುತ್ತಾರೆ. 2019ರ ಸೆಪ್ಟೆಂಬರ್‌ನಿಂದ ಟೆಕ್ಸಸ್‌ನಲ್ಲಿ ಅದು ಅಪರಾಧ. ನೀವು ಡಿಡಕ್ಟಿಬಲ್ ಕಟ್ಟಿದ್ದಕ್ಕೆ ಇನ್ಶೂರೆನ್ಸ್ ಕಂಪನಿ ಪುರಾವೆ ಕೇಳಬಹುದು, ಅದು ಬರುವವರೆಗೆ ಬಾಕಿ ಹಣ ತಡೆಹಿಡಿಯಬಹುದು. ಚೆಕ್ಕಿನ ನಕಲು ಇಟ್ಟುಕೊಳ್ಳಿ.

ಚಳಿಗೆ ಪೈಪು ಥಟ್ಟನೆ ಒಡೆದರೆ ಸಾಮಾನ್ಯವಾಗಿ ಪಾಲಿಸಿ ಕೊಡುತ್ತದೆ, ಸಿಂಕ್ ಕೆಳಗೆ ತಿಂಗಳುಗಟ್ಟಲೆ ಜಿನುಗಿದ್ದಕ್ಕೆ ಕೊಡುವುದಿಲ್ಲ. ಹೊರಗಿನಿಂದ ನುಗ್ಗುವ ನೆರೆನೀರಿಗಂತೂ ಬೇರೆಯೇ ಫ್ಲಡ್ ಪಾಲಿಸಿ ಬೇಕು. ಸರ್ಕಾರದ ಎನ್‌ಎಫ್‌ಐಪಿ (ರಾಷ್ಟ್ರೀಯ ನೆರೆ ಇನ್ಶೂರೆನ್ಸ್ ಯೋಜನೆ) ಪಾಲಿಸಿ ಜಾರಿಗೆ ಬರಲು ಸಾಮಾನ್ಯವಾಗಿ 30 ದಿನ ಹಿಡಿಯುತ್ತದೆ. ಮನೆ ಸಾಲಕ್ಕೆ ಸಂಬಂಧಿಸಿ, ಕ್ಲೋಸಿಂಗ್‌ಗೆ (ಮನೆ ಖರೀದಿಯ ಅಂತಿಮ ಸಹಿಗೆ) ಮೊದಲೇ ತಗೊಂಡರೆ ಆ ಕಾಯುವಿಕೆ ಇಲ್ಲ; ಆದ್ದರಿಂದ ಸಾಲದ ಕಾಗದ ಓಡಾಡುತ್ತಿರುವಾಗಲೇ ಏಜೆಂಟರಿಗೆ ಹೇಳಿಬಿಡಿ.